ಹುಂಜವೋ ಹೇಂಟೆಯೋ ಎಂಬ ವಿಚಾರ

ಕರುಮತ್ತಂಪಟ್ಟಿಯಿಂದ ಸೋಮನೂರಿನ ಮೇಲೆ ಪಲ್ಲಡಂ ಕಡೆಗೆ ಹೋಗುವ ಸೀಮೆಯಲ್ಲಿ, ಮಗ್ಗದ ಮನೆಗಳು ಹಿಂದಾಗಿ ತೆಂಗಿನ ತೋಟಗಳು ಮುಂದಾಗುವೆಡೆ, ಮೂಡಣ ಪಡುವಣವಾಗಿ ನೀಳವಾಗಿ ಕಟ್ಟಿದ ಕೋಳಿಯ ಶೆಡ್ಡುಗಳು ಕಾಣಸಿಗುತ್ತವೆ; ಅಲ್ಲಿಗೆ ಬಂದಿಳಿಯುವ ಸಾವಿರಾರು ಮರಿಗಳಲ್ಲಿ ಹುಂಜವೆಷ್ಟು, ಹೇಂಟೆಯೆಷ್ಟು ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಮಾಂಸಕ್ಕಾಗಿ ಬೆಳೆಸುವ ಬ್ರಾಯ್ಲರ್ ಜಾತಿಯಲ್ಲಿ ಎರಡೂ ಬೆಳೆಯುತ್ತವೆ, ಎರಡೂ ಆರು ವಾರದೊಳಗೆ ಸುಮಾರು 2 ಕಿಲೋ ತೂಗುತ್ತವೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಒಂದೇ ದರಕ್ಕೆ ತೂಗಿ ಕೊಂಡೊಯ್ಯುತ್ತಾರೆ. ಆದರೆ ಅಲ್ಲಿಂದ ಮೂಡಣಕ್ಕಿರುವ ನಾಮಕ್ಕಲ್ಲಿನ ಮೊಟ್ಟೆಕೋಳಿಯ ಫಾರಂಗಳಿಗೆ ಮರಿಗಳನ್ನು ಒದಗಿಸುವ ಹ್ಯಾಚರಿಗಳಲ್ಲಿ, 21 ದಿನ ಕಾವಿನಲ್ಲಿದ್ದು ಚಿಪ್ಪೊಡೆದು ಬಂದ ಮರಿಯನ್ನು ಕುರಿತು ಲೋಕವು ಕೇಳುವ ಮೊದಲ ಪ್ರಶ್ನೆಯೇ ಅದು. ಅದರ ಉತ್ತರದ ಮೇಲೆ ಆ ಮರಿಯ ಆಯುಷ್ಯವು ನಿಂತಿರುತ್ತದೆ. ಮೊಟ್ಟೆಯಿಡದ, ಮೈಯಲ್ಲಿ ಮಾಂಸವೂ ಬೇಗ ಕೂಡದ ಲೇಯರ್ ಜಾತಿಯ ಹುಂಜವನ್ನು ಸಾಕಿದರೆ ನಷ್ಟವೆಂದು, ಅದನ್ನು ಹುಟ್ಟಿದ ದಿನವೇ ಕೊಲ್ಲುವುದು ಈ ಉದ್ಯಮವು ಜಗತ್ತಿನಲ್ಲೆಲ್ಲ ಬಹುಕಾಲದಿಂದ ಪಾಲಿಸಿಕೊಂಡು ಬಂದ ರೂಢಿ. ನಮ್ಮಲ್ಲಿ ಅಂಥ ಮರಿಗಳಲ್ಲಿ ಕೆಲವು ಕೆಂಪು ಹಸುರು ಬಣ್ಣ ಬಳಿಸಿಕೊಂಡು, ಜಾತ್ರೆಯ ಬುಟ್ಟಿಗೆ ಬಂದು, ಮಕ್ಕಳ ಕೈಯಲ್ಲಿ ನಾಲ್ಕು ದಿನ ಬದುಕುವುದೂ ಉಂಟು. ಇದೇ ಕೊಂಗುನಾಡಿನ ಗುಡ್ಡಗಳ ಮೇಲೆ ನೆಲಸಿರುವ ಮುರುಗನ ಧ್ವಜವನ್ನೇರಿದ್ದು ಹುಂಜವೇ ಹೊರತು ಹೇಂಟೆಯಲ್ಲ. ಆದರೆ ಧ್ವಜದ ಗೌರವವು ಲೆಕ್ಕದ ಪುಸ್ತಕಕ್ಕೆ ಸಲ್ಲುವುದಿಲ್ಲ.

ಈ ಭೇದವನ್ನು ಮೊದಲ ದಿನವೇ ಕಂಡುಹಿಡಿಯುವುದು ಸುಲಭವಲ್ಲ. ಚೂಪು ಮೊಟ್ಟೆಯಾದರೆ ಹುಂಜ, ದುಂಡು ಮೊಟ್ಟೆಯಾದರೆ ಹೇಂಟೆ ಎನ್ನುವವರು ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ರೋಮಿನ ಕೃಷಿಲೇಖಕನಾದ ಕೊಲುಮೆಲ್ಲನು ಬರೆದದ್ದೂ ಅದನ್ನೇ, ಆತನಿಗಿಂತ ಮುನ್ನೂರು ವರ್ಷಗಳಿಗೂ ಹಿಂದೆ ಅರಿಸ್ಟಾಟಲನು ಬರೆದದ್ದು ಅದಕ್ಕೆ ತದ್ವಿರುದ್ಧವಾದುದನ್ನು. ಇಬ್ಬರ ಸೂತ್ರವೂ ಸುಮಾರು ಅರ್ಧದಷ್ಟು ಸಲ ಫಲಿಸಿಯೇ ತೀರಬೇಕಾದ್ದರಿಂದ, ಇಬ್ಬರಿಗೂ ಅನುಭವದ ಬೆಂಬಲವುಂಟೆಂದು ಹೇಳುವ ಸಾಕ್ಷಿಗಳಿಗೆ ಯಾವ ಕಾಲದಲ್ಲಿಯೂ ಕೊರತೆ ಬಿದ್ದಿರಲಾರದು. 1920ರ ದಶಕದಲ್ಲಿ ಜಪಾನಿನ ಮಸುಯಿ ಮತ್ತು ಅವನ ಸಹಕಾರಿಗಳು ಮರಿಯ ಗುದದ್ವಾರದ ಒಳಅಂಚಿನಲ್ಲಿರುವ ಒಂದು ಸೂಕ್ಷ್ಮವಾದ ಉಬ್ಬನ್ನು ಅಭ್ಯಸಿಸಿ, ಅದರಿಂದ ಲಿಂಗವನ್ನು ನಿರ್ಣಯಿಸುವ ಕ್ರಮವನ್ನು ಸ್ಥಾಪಿಸಿದರು. ಕುಶಲಿಯು ಪ್ರಖರವಾದ ದೀಪದ ಕೆಳಗೆ ಕುಳಿತು, ಎಡಗೈಯಲ್ಲಿ ಮರಿಯನ್ನು ಹಿಡಿದು, ಹೆಬ್ಬೆರಳಿನಿಂದ ಹೊಟ್ಟೆಯನ್ನು ಮೆಲ್ಲನೆ ಒತ್ತಿ ಹಿಕ್ಕೆಯನ್ನು ಹೊರಗೆ ಹಾಕಿಸಿ, ದ್ವಾರವನ್ನು ಬೆರಳುಗಳಿಂದ ತುಸುವೇ ತೆರೆಯುತ್ತಾನೆ. ಅಲ್ಲಿ ಗುಂಡುಸೂಜಿಯ ತಲೆಯಷ್ಟಿರುವ ಉಬ್ಬು ದುಂಡಗೆ, ಬಿಗಿಯಾಗಿ, ಹೊಳೆಯುವಂತಿದ್ದರೆ ಹುಂಜ, ಚಪ್ಪಟೆಯಾಗಿದ್ದರೆ ಅಥವಾ ಇಲ್ಲವೆಂಬಂತಿದ್ದರೆ ಹೇಂಟೆ. ಹೇಳುವುದಕ್ಕೆ ಇಷ್ಟೆ, ಆದರೆ ಎರಡರ ನಡುವಣ ಆಕಾರಗಳು ಅನೇಕ, ದಿನ ಕಳೆದಂತೆ ಗುರುತು ಅಸ್ಪಷ್ಟವಾಗುತ್ತ ಹೋಗುತ್ತದೆ, ಮತ್ತು ನಿಪುಣನ ಕೈಗೆ ಗಂಟೆಗೆ ಸುಮಾರು ಸಾವಿರ ಮರಿಗಳು ಬಂದು ಹೋಗುತ್ತವೆ. ರೆಕ್ಕೆಗರಿಯ ಎರಡು ಸಾಲುಗಳ ಉದ್ದವನ್ನು ಹೋಲಿಸಿ ಹೇಳುವ ಇನ್ನೊಂದು ಕ್ರಮವಿದೆಯಾದರೂ, ಅದಕ್ಕೆಂದೇ ಕೂಡಿಸಿ ಬೆಳೆಸಿದ ತಳಿಗಳಲ್ಲಿ ಮಾತ್ರ ಅದು ಸಾಧ್ಯ.

ನೂರು ಮರಿಗಳಲ್ಲಿ ತೊಂಬತ್ತೆಂಟನ್ನು ಸರಿಯಾಗಿ ಬೇರ್ಪಡಿಸುವ ಇಂಥ ಕುಶಲಿಯನ್ನು ಹೇಗೆ ಕಂಡೆಯೆಂದು ಕೇಳಿದರೆ ಅವನಿಗೇ ತಿಳಿಯದು, ಕಂಡಿತು ಅಷ್ಟೆ ಎನ್ನುವನು ಎಂಬ ಕಥೆಯೊಂದು ಪಾಶ್ಚಾತ್ಯ ತತ್ತ್ವಶಾಸ್ತ್ರದ ತರಗತಿಗಳಲ್ಲಿ ಬಹಳ ಪ್ರಚಾರದಲ್ಲಿದೆ. ಹೇತುವನ್ನು ಹೇಳಲಾರದವನಿಗೆ ಜ್ಞಾನವುಂಟೆನ್ನಬಹುದೆ ಎಂಬ ಚರ್ಚೆಗೆ ಅವರು ಈ ಬಡಪಾಯಿಯನ್ನು ನಿದರ್ಶನವಾಗಿ ನಿಲ್ಲಿಸುತ್ತಾರೆ. ನಮ್ಮಲ್ಲಿ ಈ ಪ್ರಶ್ನೆ ಹೊಸದಲ್ಲ. ಭರ್ತೃಹರಿಯು ವಾಕ್ಯಪದೀಯದ ಮೊದಲ ಕಾಂಡದಲ್ಲಿ, ರತ್ನಗಳನ್ನೂ ನಾಣ್ಯಗಳನ್ನೂ ಪರೀಕ್ಷಿಸಬಲ್ಲವರ ಅರಿವು ಅಭ್ಯಾಸದಿಂದ ಮಾತ್ರ ಹುಟ್ಟುವುದೆಂದೂ, ಅದನ್ನು ಪರರಿಗೆ ಬಿಡಿಸಿ ಹೇಳಲಾಗದೆಂದೂ, ಅದು ಅನುಮಾನದ ವರ್ಗಕ್ಕೆ ಸೇರಿದ್ದಲ್ಲವೆಂದೂ ಹದಿನೈದು ಶತಮಾನಗಳ ಹಿಂದೆಯೇ ನಿರ್ಣಯಿಸಿದ್ದನು. ಸೋಮನೂರಿನ ಕಡೆಯ ಹಳೆಯ ನೇಕಾರನೊಬ್ಬನು ನೂಲನ್ನು ಎರಡು ಬೆರಳುಗಳ ನಡುವೆ ಹೊಸೆದು ಅದರ ನಂಬರನ್ನು ಹೇಳುವುದೂ ಇದೇ ಜಾತಿಯ ಅರಿವು. ಆದರೆ ಅಭ್ಯಾಸಜನ್ಯವಾದುದೆಲ್ಲ ಅನಿರ್ವಚನೀಯವೆಂದು ಕೈಮುಗಿದು ಕೂರುವುದು ಅವಸರದ ಭಕ್ತಿ. 1987ರಲ್ಲಿ ಅಮೆರಿಕದ ಬೀಡರ್ಮನ್ ಮತ್ತು ಶಿಫ್ರಾರ್ ಎಂಬ ಮನಶ್ಶಾಸ್ತ್ರಜ್ಞರು, ಅರ್ಧ ಶತಮಾನ ಇದೇ ಕಸಬಿನಲ್ಲಿದ್ದ ಒಬ್ಬ ನಿಪುಣನ ನೆರವಿನಿಂದ, ಉಬ್ಬಿನ ಯಾವ ಭಾಗವನ್ನು ನೋಡಬೇಕು, ಅಲ್ಲಿ ಯಾವ ಆಕಾರವನ್ನು ಹುಡುಕಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟರು. ಮೊದಲು ಊಹೆಗಿಂತ ಸ್ವಲ್ಪವೇ ಮೇಲಿದ್ದ ಹೊಸಬರು ಆ ಹಾಳೆಯನ್ನೋದಿದ ಮೇಲೆ, ಚಿತ್ರಗಳ ಪರೀಕ್ಷೆಯಲ್ಲಾದರೂ, ನಿಪುಣರ ಸಮಕ್ಕೆ ಬಂದರು. ಹೇಳಲಾಗದ್ದೆಂದು ನಾವು ಪೂಜಿಸುವುದರಲ್ಲಿ ಎಷ್ಟೋ ಭಾಗವು, ಇದುವರೆಗೆ ಯಾರೂ ತಾಳ್ಮೆಯಿಂದ ಕೇಳಿ ಬರೆದುಕೊಳ್ಳದೆ ಇದ್ದದ್ದು.

ಅದಕ್ಕಿಂತ ಗಹನವಾದ ಪ್ರಶ್ನೆಯು ಪ್ರಾಮಾಣ್ಯದ್ದು. ಜ್ಞಾನವು ಹುಟ್ಟುವಾಗಲೇ ತನ್ನ ಸತ್ಯತೆಯನ್ನು ಹೊತ್ತು ಬರುವುದೆಂದು ಮೀಮಾಂಸಕರು ಹೇಳಿದರು; ಆ ಸತ್ಯತೆಯನ್ನು ಸಾಕ್ಷಿಯು ಗ್ರಹಿಸುವುದೆಂದೂ, ಸಂಶಯ ಬಂದಾಗ ಮಾತ್ರ ಪರೀಕ್ಷೆ ಬೇಕೆಂದೂ ಮಧ್ವರು ಹೇಳಿದರು; ನೈಯಾಯಿಕರಾದರೋ ನೀರೆಂದು ಕಂಡದ್ದರ ಬಳಿಗೆ ಹೋಗಿ ಕುಡಿದು ದಾಹ ತೀರಿದರೆ ಆ ಜ್ಞಾನವು ಪ್ರಮಾಣವಾಯಿತೆಂದು, ಪ್ರವೃತ್ತಿಯ ಸಾಫಲ್ಯವನ್ನೇ ಒರೆಗಲ್ಲಾಗಿಸಿದರು. ಮರಿಗಳ ವಿಷಯದಲ್ಲಿ ನ್ಯಾಯದವರ ಒರೆಗಲ್ಲೇ ಎಲ್ಲಕ್ಕಿಂತ ಯುಕ್ತವೆಂದು ತೋರುತ್ತದೆ. ಹೇಂಟೆಯೆಂದು ಆರಿಸಿ ಕಳಿಸಿದ ಮರಿಯು ಕೆಲವು ವಾರಗಳಲ್ಲಿ ಜುಟ್ಟು ಕೆಂಪಾಗಿ ಕೂಗಲು ತೊಡಗಿದರೆ, ಕುಶಲಿಯ ಪ್ರಮಾದವನ್ನು ಫಾರಮ್ಮಿನ ಗಾಳಿಯೇ ಸಾರುತ್ತದೆ. ಆದರೆ ಹುಂಜವೆಂದು ಬೇರೆ ಪೆಟ್ಟಿಗೆಗೆ ಬಿದ್ದ ಹೇಂಟೆಯ ಪಾಡೇನು? ಅದು ಬೆಳೆಯುವುದಿಲ್ಲ, ಮೊಟ್ಟೆಯಿಡುವುದಿಲ್ಲ, ತೀರ್ಪು ತಪ್ಪಾಯಿತೆಂದು ತೋರಿಸಿಕೊಡಲು ಸಂಜೆಯವರೆಗೆ ಉಳಿಯುವುದೂ ಇಲ್ಲ. ಎರಡು ಬಗೆಯ ತಪ್ಪುಗಳಲ್ಲಿ ಒಂದಕ್ಕೆ ಸಾವಿರ ಸಾಕ್ಷಿಗಳು, ಇನ್ನೊಂದಕ್ಕೆ ಒಂದೂ ಇಲ್ಲ. ಮತ್ತು ಆ ಸಾಕ್ಷಿಯನ್ನು ಇಲ್ಲವಾಗಿಸುವುದು ಆ ತೀರ್ಪೇ. ಹ್ಯಾಚರಿಯು ಗಿರಾಕಿಗೆ ಕೊಡುವ ಭರವಸೆಯು ಹೇಂಟೆಗಳ ಪೆಟ್ಟಿಗೆಗೆ ಮಾತ್ರ ಸಂಬಂಧಿಸಿದ್ದು. ತನಗೆ ವಿರೋಧವಾದ ಪ್ರಮಾಣವನ್ನು ತಾನೇ ನಾಶಮಾಡುವ ಜ್ಞಾನಕ್ಕೆ ನಿಶ್ಚಯವೆಂಬ ಹೆಸರನ್ನು ಕೊಡಲು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಒಪ್ಪುತ್ತಿದ್ದನೆಂದು ನನಗೆ ತೋರುವುದಿಲ್ಲ.

ಇದರ ದೋಷವನ್ನು ದೀಪದ ಕೆಳಗೆ ಕುಳಿತವನ ತಲೆಗೆ ಕಟ್ಟುವುದು ಅನ್ಯಾಯ. ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಧರ್ಮವ್ಯಾಧನು ಕೌಶಿಕನಿಗೆ, ತಾನು ಪ್ರಾಣಿಗಳನ್ನು ಕೊಲ್ಲುವವನಲ್ಲ, ಇತರರು ಕೊಂದುದನ್ನು ಮಾರುವವನು ಎಂದು ಹೇಳುತ್ತಾನೆ. ಈತನು ಅಷ್ಟೂ ಮಾಡುವುದಿಲ್ಲ, ನೋಡಿ ಹೇಳುವನು ಮಾತ್ರ. ಹೇಳಿದ್ದನ್ನು ಯಾವುದಕ್ಕೆ ಬಳಸುವುದೆಂದು ಗೊತ್ತುಮಾಡುವವರು ಮೊಟ್ಟೆಯ ಬೆಲೆಯನ್ನು ಕಟ್ಟುವವರೂ ಅದನ್ನು ಕೊಳ್ಳುವ ನಾವೂ.

ಕೊಂಗುನಾಡಿನಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರರು ತಮ್ಮ ಕುಲದ ಹಿರಿಯನೆಂದು ನೆನೆಯುವ ದೇವರ ದಾಸಿಮಯ್ಯನ ಹೆಸರಿನಲ್ಲಿ ಪ್ರಸಿದ್ಧವಾದ ವಚನವೊಂದುಂಟು: ಹೆಣ್ಣು ಗಂಡೆಂಬ ಹೆಸರುಗಳು ಮೈಮೇಲಣ ಗುರುತುಗಳಿಗೆ ಸಲ್ಲತಕ್ಕವು, ಒಳಗಣ ಆತ್ಮಕ್ಕಲ್ಲ ಎಂಬುದು ಅದರ ತಾತ್ಪರ್ಯ. ಶ್ವೇತಾಶ್ವತರೋಪನಿಷತ್ತಿನ ಮತವೂ ಅದೇ. ಈ ಮಾತನ್ನು ನಾವು ಪ್ರವಚನಗಳಲ್ಲಿ ತಲೆದೂಗಿ ಕೇಳುತ್ತೇವೆ, ಆದರೆ ಮನುಷ್ಯರ ವಿಷಯದಲ್ಲಿಯೂ ಅದನ್ನು ನಡೆಸಿದವರಲ್ಲ. ಹುಟ್ಟಿದ ಹೆಣ್ಣು ಕೂಸು ಉಳಿಯಲೆಂದು 1992ರಲ್ಲಿ ಇಲ್ಲೇ ನೆರೆಯ ಸೇಲಮ್ಮಿನಲ್ಲಿ ಸರ್ಕಾರವು ತೊಟ್ಟಿಲನ್ನು ಕಟ್ಟಬೇಕಾಯಿತು. ಗರ್ಭದ ಲಿಂಗವನ್ನು ಹೇಳುವುದೇ ಅಪರಾಧವೆಂದು 1994ರಲ್ಲಿ ಸಂಸತ್ತು ಕಾಯಿದೆ ಮಾಡಬೇಕಾಯಿತು. ಜ್ಞಾನವೆಲ್ಲ ಪಾವನವೆಂದು ನಂಬಿದ ದೇಶವು ಒಂದು ಬಗೆಯ ತಿಳಿವಳಿಕೆಯನ್ನು ಬಾಯಿಬಿಟ್ಟು ಹೇಳಕೂಡದೆಂದು ನಿಷೇಧಿಸಿತು, ಮತ್ತು ನಿಷೇಧಿಸಿದ್ದು ಸರಿಯಾಗಿಯೇ ಇತ್ತು. (ಗಂಡೋ ಹೆಣ್ಣೋ ಎಂಬುದನ್ನು ಕೋಳಿಯಲ್ಲಿ ತಾಯಿಯ ವರ್ಣತಂತುವೂ ಮನುಷ್ಯರಲ್ಲಿ ತಂದೆಯದೂ ನಿರ್ಧರಿಸುವುದು, ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಅತ್ತೆಯಂದಿರು ಈ ವ್ಯತ್ಯಾಸವನ್ನು ಅರಿತುಕೊಳ್ಳುವುದು ಒಳ್ಳೆಯದು.) ಮರಿಗಳ ವಿಷಯದಲ್ಲಿ ಜರ್ಮನಿ ಬೇರೊಂದು ಹಾದಿ ಹಿಡಿಯಿತು: ಹುಂಜದ ಮರಿಗಳನ್ನು ಸಾರಾಸಗಟಾಗಿ ಕೊಲ್ಲುವುದನ್ನು 2022ರ ಜನವರಿ 1ರಿಂದ ನಿಷೇಧಿಸಿ, ಲಿಂಗವನ್ನು ಮೊಟ್ಟೆಯೊಳಗಿರುವಾಗಲೇ ತಿಳಿದುಕೊಳ್ಳಿರಿ, ಇಲ್ಲವೆ ಹುಂಜಗಳನ್ನೂ ಸಾಕಿರಿ ಎಂದು ಉದ್ಯಮಕ್ಕೆ ವಿಧಿಸಿತು. ಮೊಟ್ಟೆಯೊಳಗೇ ತಿಳಿದು ಅದನ್ನು ಮುಂದೆ ಕಾವಿಗಿಡದಿರುವುದರಿಂದ ನೋವಿನ ಪ್ರಶ್ನೆಯು ಬಹುಮಟ್ಟಿಗೆ ಪರಿಹಾರವಾಗುವುದು. ಆದರೆ ತೀರ್ಪಿಗೆ ಸಾಕ್ಷಿ ಇಲ್ಲವೆಂಬ ನ್ಯೂನತೆ ಅಲ್ಲಿಯೂ ಉಳಿಯುವುದು, ಏಕೆಂದರೆ ತಪ್ಪಾಗಿ ತೆಗೆದ ಮೊಟ್ಟೆಯೂ ತನ್ನ ಪರವಾಗಿ ಏನನ್ನೂ ಹೇಳದು. ಎರಡನೆಯ ಹಾದಿಯಲ್ಲಿ ಮಾತ್ರ ಹುಂಜವು ಬೆಳೆಯುತ್ತದೆ, ತಪ್ಪಿದ್ದರೆ ತಿಳಿಯುತ್ತದೆ. ಅಲ್ಲಿಯ ಕೆಲವು ಅಂಗಡಿಗಳಲ್ಲಿ ಅಣ್ಣತಮ್ಮಂದಿರಾದ ಹುಂಜಗಳನ್ನು ಸಾಕುವ ಖರ್ಚನ್ನು ಮೊಟ್ಟೆಯ ಬೆಲೆಯಲ್ಲಿ ಸೇರಿಸಿ ಮಾರುತ್ತಾರೆ; ಹೆಚ್ಚುವುದು ಮೊಟ್ಟೆಯೊಂದಕ್ಕೆ ಕೆಲವು ಸೆಂಟುಗಳು ಮಾತ್ರ. ನಾಮಕ್ಕಲ್ಲಿನ ಮೊಟ್ಟೆಯನ್ನು ಕೊಯಮತ್ತೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಕೊಂಡು ತಿನ್ನುವವರು ಆ ಹೆಚ್ಚಿನ ಹಣವನ್ನು ತೆರಲು ಒಪ್ಪಬೇಕೆಂಬುದೇ ನನ್ನ ಮತ.