ಯಾರ ಕಣ್ಣಿಗೆ ಒಪ್ಪಬೇಕು?

ಹುಡುಗಿ ಮದುವೆಗೆ ಒಪ್ಪಿದಳು ಎನ್ನುತ್ತೇವೆ. ಈ ಬಣ್ಣ ಹುಡುಗಿಗೆ ಒಪ್ಪುತ್ತದೆ ಎಂದೂ ಎನ್ನುತ್ತೇವೆ. ಕನ್ನಡದಲ್ಲಿ ಸಮ್ಮತಿಗೂ ಚೆಲುವಿಗೂ ಒಂದೇ ಮಾತು. ಆದರೆ ಮದುಮಗಳ ಉಡುಪು ಆರಿಸುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಎರಡನೆಯ ಅರ್ಥವಷ್ಟೇ ಉಳಿದು, ಮೊದಲನೆಯದು ಮರೆತುಹೋಗುತ್ತದೆ. ಬಟ್ಟೆ ಹುಡುಗಿಗೆ ಒಪ್ಪುತ್ತದೆಯೇ ಎಂದು ಹತ್ತು ಜನ ನೋಡುತ್ತಾರೆ. ಹುಡುಗಿ ಬಟ್ಟೆಯನ್ನು ಒಪ್ಪಿದಳೇ ಎಂದು ಕೇಳುವವರು ಕಡಿಮೆ.

ಬೀದರ್ ಕಡೆಯ ಮದುವೆಗಳನ್ನೇ ನೋಡೋಣ. ನಗರದ ಮಗ್ಗುಲಲ್ಲಿರುವ ಅಷ್ಟೂರವಾಗಲಿ, ದೂರದ ಭಾಲ್ಕಿ, ಔರಾದ್ ಆಗಲಿ, 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಸೀಮೆ ಇದು. ಹಾಗಾಗಿ ಇಲ್ಲಿನ ಮುಸ್ಲಿಮ್ ಮದುಮಗಳ ಹಳೆಯ ಉಡುಪು ಹೈದರಾಬಾದಿನದೇ. ಅದು ಖಡಾ ದುಪಟ್ಟಾ. ಕುರ್ತಾ, ಚೂಡಿದಾರ್ ಪೈಜಾಮ, ಅದರ ಮೇಲೆ ಸುಮಾರು ಆರು ಗಜದ ದುಪಟ್ಟಾವನ್ನು ನೆರಿಗೆ ಹಿಡಿದು ಹೆಗಲ ಮೇಲಿಂದ ಇಳಿಬಿಡುತ್ತಾರೆ. ತಲೆಗೆ ಇನ್ನೊಂದು ದುಪಟ್ಟಾ. ಹಣೆಗೆ ಟೀಕಾ, ತಲೆಯ ಒಂದು ಬದಿಗೆ ಝೂಮರ್, ಕೊರಳಿಗೆ ಕರಿಮಣಿಯ ಲಚ್ಛಾ. ನಿಕಾಹ್‌ಗೆ ಮುನ್ನ ಗಂಡಿನ ಕಡೆಯವರು ಸಾಂಚಕ್ ತರುತ್ತಾರೆ. ಮದುಮಗಳ ಜೋಡಾ ಅದರಲ್ಲೇ ಬರುತ್ತದೆ. ಲಿಂಗಾಯತ, ಮರಾಠಾ ಮನೆಗಳಲ್ಲಿ ಎರಡೂ ಕಡೆಯ ಹಿರಿಯರು ಬಟ್ಟೆ ಅಂಗಡಿಯಲ್ಲಿ ಕುಳಿತು ಬಸ್ತಾ ಕಟ್ಟಿಸುತ್ತಾರೆ. ಪದ್ಧತಿ ಬೇರೆ, ನೋಟ ಒಂದೇ. ಅತ್ತೆಯಾಗುವವರು ಸೆರಗನ್ನು ಹುಡುಗಿಯ ಹೆಗಲಿಗೆ ಹಾಕಿ ನೋಡುತ್ತಾರೆ, ಅತ್ತಿಗೆ ಬಾರ್ಡರ್ ಸಣ್ಣದಾಯಿತು ಎನ್ನುತ್ತಾರೆ, ಹುಡುಗಿ 'ನೀವು ಹೇಳಿದಂತೆ' ಎಂದು ತಲೆ ತಗ್ಗಿಸುತ್ತಾಳೆ.

ಈ ತಲೆ ತಗ್ಗಿಸುವುದನ್ನು ನಾವು ಒಪ್ಪಿಗೆ ಎಂದು ಬರೆದುಕೊಂಡುಬಿಡುತ್ತೇವೆ. ಕನ್ಯೆಯ ಮೌನವೇ ಸಮ್ಮತಿ ಎಂಬ ಹದೀಸನ್ನು ಇಲ್ಲಿಗೂ ಎಳೆದು ತರುವವರಿದ್ದಾರೆ. ಆದರೆ ಆ ಹದೀಸಿನಲ್ಲಿ ಮೊದಲು ಬರುವುದು ಆಕೆಯನ್ನು ಕೇಳಬೇಕು ಎಂಬ ಆಜ್ಞೆ. ಮೌನದ ಮಾತು ಬಂದಿರುವುದು ಆಕೆಯ ನಾಚಿಕೆಯನ್ನು ಗೌರವಿಸುವುದಕ್ಕೆ. ಕೇಳಿದ ಮೇಲಿನ ಮೌನ ಬೇರೆ, ಕೇಳದೇ ಇದ್ದಾಗಿನ ಮೌನ ಬೇರೆ. ಖನ್ಸಾ ಬಿಂತ್ ಖಿದಾಮ್(ರ) ಎಂಬ ಮಹಿಳೆ ತನಗೆ ಇಷ್ಟವಿಲ್ಲದೆ ತಂದೆ ಮದುವೆ ಮಾಡಿಸಿದರೆಂದು ದೂರಿದಾಗ ಪ್ರವಾದಿ(ಸ) ಆ ಮದುವೆಯನ್ನೇ ರದ್ದುಗೊಳಿಸಿದರು. ಬಟ್ಟೆಯ ವಿಷಯಕ್ಕೆ ಇಷ್ಟು ದೊಡ್ಡ ಮಾತು ಬೇಕೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬಟ್ಟೆ ಮದುವೆಯಲ್ಲ. ಆದರೆ ಹೊಸ ಮನೆಯಲ್ಲಿ ತನ್ನ ಮಾತಿಗೆ ಎಷ್ಟು ಬೆಲೆ ಇರುತ್ತದೆ ಎಂದು ಹುಡುಗಿ ಅಳೆಯಲು ಆರಂಭಿಸುವುದು ಈ ಸಣ್ಣ ಸಂಗತಿಗಳಿಂದಲೇ.

ಹಾಗೆಂದು ಹಿರಿಯರನ್ನು ದೂರುತ್ತಾ ಕುಳಿತುಕೊಳ್ಳುವುದೂ ಸರಿಯಲ್ಲ. ಜೋಡಾ ಒಂದು ಉಡುಗೊರೆ. ಸೊಸೆಗೆಂದು ಪ್ರೀತಿಯಿಂದ ತಂದ ಬಟ್ಟೆಯನ್ನು ಬೇಡ ಎನ್ನುವುದು ಮನಸ್ಸು ಮುರಿಯುವ ಕೆಲಸ. 1942ರಲ್ಲಿ ಇಂದಿರಾ ಅವರು ಮದುವೆಗೆ ಉಟ್ಟದ್ದು ಅವರ ತಂದೆ ನೆಹರೂ ಜೈಲಿನಲ್ಲಿ ನೂತ ನೂಲಿನ ಗುಲಾಬಿ ಬಣ್ಣದ ಖಾದಿ ಸೀರೆ. ಇಂಥ ಬಟ್ಟೆ ಮೈಬಣ್ಣಕ್ಕೆ ಹೊಂದುತ್ತದೆಯೇ ಎಂದು ಯಾರು ಕೇಳುತ್ತಾರೆ?

ಇನ್ನು, ಆಯ್ಕೆಯನ್ನು ಹುಡುಗಿಗೇ ಬಿಟ್ಟರೆ ಅದು ಪೂರ್ತಿ ಅವಳದೇ ಆಗುತ್ತದೆ ಎಂಬ ಭರವಸೆಯೂ ನಮಗಿಲ್ಲ. 2017ರ ಡಿಸೆಂಬರ್‌ನಲ್ಲಿ ಇಟಲಿಯಲ್ಲಿ ನಡೆದ ತಮ್ಮ ಮದುವೆಯಲ್ಲಿ ನಟಿ ಅನುಷ್ಕಾ ಶರ್ಮಾ ತಿಳಿ ಗುಲಾಬಿ ಲೆಹೆಂಗಾ ತೊಟ್ಟರು. ಆ ಮೇಲೆ ಕೆಂಪೇ ಬೇಕು ಎನ್ನುತ್ತಿದ್ದವರೂ ತಿಳಿ ಬಣ್ಣ ಕೇಳತೊಡಗಿದರು. ಅತ್ತೆಯ ಕಣ್ಣಿನಿಂದ ಬಿಡಿಸಿಕೊಂಡು ಮೊಬೈಲಿನ ಕಣ್ಣಿಗೆ ಸಿಕ್ಕಿಬಿದ್ದರೆ ಗಳಿಸಿದ್ದೇನು?

ಎಲ್ಲಕ್ಕಿಂತ ನಮ್ಮನ್ನು ಕಾಡುವುದು ಮುಖದ ಬಣ್ಣದ ಪ್ರಶ್ನೆ. 'ಒಪ್ಪುವ' ಬಟ್ಟೆ ಎಂದರೆ ಹುಡುಗಿಯನ್ನು ಬೆಳ್ಳಗೆ ತೋರಿಸುವ ಬಟ್ಟೆ ಎಂದೇ ಅನೇಕರ ತಿಳಿವಳಿಕೆ. ಬಟ್ಟೆಯಿಂದ ಆಗದ್ದನ್ನು ಬ್ಯೂಟಿ ಪಾರ್ಲರ್ ಮಾಡಿಕೊಡುತ್ತದೆ. ಕೈ ಒಂದು ಬಣ್ಣ, ಮುಖ ಒಂದು ಬಣ್ಣವಾಗಿ ಕುಳಿತ ಮದುಮಗಳನ್ನು ಯಾರು ನೋಡಿಲ್ಲ? ಜಲ್ವಾದ ಹೊತ್ತಿನಲ್ಲಿ ಗಂಡು ಹೆಣ್ಣಿನ ನಡುವೆ ಕನ್ನಡಿ ಇಡುತ್ತಾರೆ. ಅದರಲ್ಲಿ ಅವನು ಕಾಣುವ ಮುಖ ಮರುದಿನ ಫಜ್ರ್‌ನ ವುಝೂವಿಗೆ ಉಳಿಯುವುದಿಲ್ಲ ಎಂದಾದರೆ ಆ ಕನ್ನಡಿ ಯಾತಕ್ಕೆ? ಅಲಂಕಾರವನ್ನು ಧರ್ಮ ತಡೆದಿಲ್ಲ. ಆದರೆ ಇದು ಅಲಂಕಾರವಲ್ಲ, ನಿನ್ನ ಮುಖ ಸಾಲದು ಎಂದು ಮದುವೆಯ ದಿನವೇ ಹೇಳುವ ಮಾತು.

ಬೀದರ್‌ನವರಿಗಂತೂ ಕಪ್ಪಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಿದರಿ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆ ಮೊದಲಿಗೆ ಬೂದು ಬಣ್ಣದ್ದು. ಅದರಲ್ಲಿ ಬೆಳ್ಳಿಯ ತಂತಿ, ತಗಡು ಕೂಡಿಸಿದರೂ ಬೆಳ್ಳಿ ಎದ್ದು ಕಾಣುವುದಿಲ್ಲ. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ ಕಾಯಿಸಿ ಅದರಲ್ಲಿ ಅದ್ದಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿದು ಹೊಳೆಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು, 2023ರಲ್ಲಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಹೂಜಿಯನ್ನು ಬೇಕೆಂದೇ ಕಪ್ಪು ಮಾಡುವ ಊರಿನಲ್ಲಿ ಮಗಳನ್ನು ಮಾತ್ರ ಬೆಳ್ಳಗೆ ಮಾಡಬೇಕೆ?

ಕಪ್ಪು ಮೈಬಣ್ಣದ ಹುಡುಗಿಗೆ ಕಡುಹಸಿರು, ಕಡುಗೆಂಪು, ಅರಿಸಿನ ಎಷ್ಟು ಚೆನ್ನಾಗಿ ಹೊಂದುತ್ತವೆ ಎಂಬುದು ಹಳೆಯ ದರ್ಜಿಗಳಿಗೆ ತಿಳಿದಿತ್ತು. ಗಿಡ್ಡನೆಯ ಹುಡುಗಿಗೆ ಅಗಲ ಬಾರ್ಡರ್ ಹಾಕಿದರೆ ಇನ್ನಷ್ಟು ಗಿಡ್ಡ ಕಾಣುತ್ತಾಳೆ. ಜರಿ ಕೆಲಸ ಕೊರಳಿನ ಸುತ್ತ ಹೆಚ್ಚಿದ್ದು ಕೆಳಗೆ ಹಗುರವಾಗಿದ್ದರೆ ನೋಟ ಮುಖದ ಕಡೆ ಹೋಗುತ್ತದೆ. ನಿಂತು ನೋಡಿದರೆ ಸಾಲದು, ಕುಳಿತೂ ನೋಡಬೇಕು. ಮದುಮಗಳು ನಾಲ್ಕು ತಾಸು ಕುಳಿತೇ ಇರುತ್ತಾಳೆ, ಅದೂ 40 ಡಿಗ್ರಿ ಮುಟ್ಟುವ ಬೀದರ್‌ನ ಮೇ ತಿಂಗಳಲ್ಲಿ. ಉಸಿರು ಕಟ್ಟಿಸುವ ಚೆಲುವು ಫೋಟೋದಲ್ಲಿ ಚೆಂದ ಕಾಣಬಹುದು, ಬೆವರುವವಳು ಅವಳು.

ಫೋಟೋದ ಮಾತು ಬಂತು. ಹಿಂದೆ ಜನಾನಾದಲ್ಲಿ ಮದುಮಗಳನ್ನು ನೋಡುತ್ತಿದ್ದವರು ಪಕ್ಕದಲ್ಲಿ ಕುಳಿತ ಹೆಂಗಸರು. ಈಗ ವೇದಿಕೆ, ಬೆಳಕು, ಕ್ಯಾಮೆರಾ. ದೂರದ ಕಣ್ಣಿಗೆಂದು ಆರಿಸಿದ ಬಟ್ಟೆ ಹೊಳೆಯಲೇಬೇಕು, ಅದಕ್ಕೇ ಅದು ಭಾರ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಂಬಜ್ ಇದೆ. ಆತ ತೀರಿಕೊಂಡದ್ದು 1436ರಲ್ಲಿ. ಆತನನ್ನು ವಲಿಯೆಂದು ಮುಸ್ಲಿಮರು, ಅಲ್ಲಮಪ್ರಭುವೆಂದು ಲಿಂಗಾಯತರು ಭಾವಿಸಿ ಉರುಸಿಗೆ ಕೂಡಿ ಬರುತ್ತಾರೆ. ಹೊರಗಿನಿಂದ ಅದು ಸರಳ ಗೋಡೆಯ ಕಟ್ಟಡ. ಒಳಗೆ ಕಾಲಿಟ್ಟು ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲಷ್ಟೇ ಚಿನ್ನ, ಕುಂಕುಮ, ನೀಲಿ ಬಣ್ಣಗಳ ಚಿತ್ತಾರ ಮೇಲ್ಛಾವಣಿಯವರೆಗೂ ಕಾಣತೊಡಗುತ್ತದೆ. ಹತ್ತಿರ ಬಂದವರಿಗೆಂದೇ ಮಾಡಿದ ಚೆಲುವು ಅದು.

ಹಣದ ವಿಷಯವನ್ನು ಎಷ್ಟು ಬಾರಿ ಹೇಳಿದರೂ ಮುಗಿಯದು, ಆದ್ದರಿಂದ ಒಂದೇ ಮಾತು. ಹ. ಆಯಿಶಾ(ರ) ಅವರ ಬಳಿ ಒರಟು ಬಟ್ಟೆಯ ಒಂದು ಉಡುಪಿತ್ತು. ಅಂಥದ್ದರ ಬೆಲೆ ಐದು ದಿರ್ಹಮ್. ಪ್ರವಾದಿಯವರ(ಸ) ಕಾಲದಲ್ಲಿ ಸಿಂಗಾರವಾಗಬೇಕಿದ್ದ ಮದೀನಾದ ಹೆಂಗಸರೆಲ್ಲ ಅದನ್ನೇ ಎರವಲು ಪಡೆದು ಉಡುತ್ತಿದ್ದರು ಎಂದು ಅವರು ನೆನೆದದ್ದು ಬುಖಾರಿಯಲ್ಲಿದೆ. ಮದುಮಗಳಿಗೆ ಎರವಲು ತರುವ ಬಗ್ಗೆ ಅಲ್ಲಿ ಒಂದು ಅಧ್ಯಾಯವೇ ಇದೆ. ಎರವಲು ಉಟ್ಟರೆ ಮರ್ಯಾದೆ ಹೋಗುತ್ತದೆ ಎಂಬುದು ಹಾಗಾದರೆ ಎಲ್ಲಿಂದ ಬಂತು? ಕೇರಳದ ತೂತ ಎಂಬ ಊರಿನಲ್ಲಿ ಟ್ಯಾಕ್ಸಿ ಚಾಲಕರೊಬ್ಬರು 2020ರಲ್ಲಿ ಒಮ್ಮೆ ಉಟ್ಟ ಮದುವೆಯ ಬಟ್ಟೆಗಳನ್ನು ಸಂಗ್ರಹಿಸಿ ಬಡ ಹುಡುಗಿಯರಿಗೆ ಉಚಿತವಾಗಿ ಕೊಡತೊಡಗಿದರು. ಯಾವುದು ಬೇಕೋ ಅದನ್ನು ಅಲ್ಲಿ ಹುಡುಗಿಯೇ ಆರಿಸಿಕೊಳ್ಳುತ್ತಾಳೆ.

ಬೀದರ್‌ನ ಮನೆಗಳ ಪೆಟ್ಟಿಗೆಗಳಲ್ಲೂ ಅಮ್ಮಿಯ, ದಾದಿಯ ಖಡಾ ದುಪಟ್ಟಾಗಳು ಮಡಿಕೆ ಬಿಚ್ಚದೆ ಮಲಗಿವೆ. ಬಟ್ಟೆ ಜೀರ್ಣವಾಗಿದ್ದರೂ ಜರಿ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಬಿಚ್ಚಿ ಹೊಸ ಬಟ್ಟೆಗೆ ಕೂಡಿಸಿ ಕೊಡುವ ದರ್ಜಿಗಳು ಇನ್ನೂ ಇದ್ದಾರೆ. ಸಾಂಚಕ್‌ಗೆ ಮೊದಲು ಒಮ್ಮೆ ಆ ಪೆಟ್ಟಿಗೆಯನ್ನು ಹುಡುಗಿಯ ಮುಂದೆ ತೆರೆದಿಟ್ಟು, ಅವಳ ಉತ್ತರ ಬರುವವರೆಗೆ ಕಾಯಬಹುದು.