ಅಜ್ಜಿಯಾಗಿದ್ದ ಸಂತ ಮೋನಿಕ



ಆಗಸ್ಟ್ 27ರಂದು ಧರ್ಮಸಭೆಯು ಸಂತ ಮೋನಿಕಳನ್ನು ಸ್ಮರಿಸುತ್ತದೆ. ಮರುದಿನವೇ ಆಕೆಯ ಮಗ ಸಂತ ಅಗಸ್ಟೀನರ ಹಬ್ಬ. ಹಿಂದೆ ಮೇ 4ರಂದು ಬರುತ್ತಿದ್ದ ತಾಯಿಯ ಹಬ್ಬವನ್ನು, 1969ರಲ್ಲಿ ಆರಾಧನಾ ಪಂಚಾಂಗ ಪರಿಷ್ಕರಣೆಗೊಂಡಾಗ, ಮಗನ ಹಬ್ಬದ ಮುನ್ನಾದಿನಕ್ಕೆ ತಂದರು. ಆ ದಿನದ ಪ್ರಬೋಧನೆಯಲ್ಲಿ ನಾವು ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದ ತಾಯಿ. ಅದು ನಿಜ. ಆದರೆ ಆಕೆಗೆ ಒಬ್ಬ ಮೊಮ್ಮಗನೂ ಇದ್ದ. ಅಜ್ಜಿಯೊಂದಿಗೆ ಒಂದೇ ಸೂರಿನಡಿ ಇದ್ದ, ಅಜ್ಜಿ ಬದುಕಿರುವಾಗಲೇ ದೀಕ್ಷಾಸ್ನಾನ ಪಡೆದ, ಅಜ್ಜಿಯ ಉಸಿರು ನಿಂತಾಗ ಎಲ್ಲರಿಗಿಂತ ಮೊದಲು ಗಟ್ಟಿಯಾಗಿ ಅತ್ತ. ಈ ಮೊಮ್ಮಗನನ್ನು ನಾವು ಮರೆತೇಬಿಟ್ಟಿದ್ದೇವೆ.

ನಮ್ಮ ಮನೆಗಳಲ್ಲಿ ತೀರಿಕೊಂಡ ತಾಯಿಯನ್ನು, ಅಜ್ಜಿಯನ್ನು ನೆನೆಯುವಾಗ ನಾವೇನು ಹೇಳುತ್ತೇವೆ? ದಿನವೂ ಜಪಸರ ಮಾಡುತ್ತಿದ್ದರು, ಪೂಜೆ ತಪ್ಪಿಸುತ್ತಿರಲಿಲ್ಲ, ಬಹಳ ಭಕ್ತಿವಂತೆ. ಇಷ್ಟು ಹೇಳಿ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಭಕ್ತಿವಂತೆ ಎಂಬ ಆ ಒಂದು ಮಾತಿನೊಳಗೆ ಎಷ್ಟು ಜಗಳ, ಎಷ್ಟು ಅವಮಾನ, ಎಷ್ಟು ರಾತ್ರಿಗಳ ಚಿಂತೆ ಅಡಗಿರುತ್ತದೆಂಬುದು ಆ ತಾಯಿಗೂ ದೇವರಿಗೂ ಮಾತ್ರ ಗೊತ್ತು. ಮೋನಿಕಳ ವಿಷಯದಲ್ಲಿ ನಮಗೂ ಸ್ವಲ್ಪ ಗೊತ್ತಿದೆ. ಏಕೆಂದರೆ ಆಕೆಯ ಮಗ ಅದನ್ನು ಮುಚ್ಚಿಡದೆ ತಮ್ಮ ‘ಕನ್ಫೆಷನ್ಸ್’ ಎಂಬ ಆತ್ಮನಿವೇದನೆಯ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ.

ಆಕೆ ಹುಟ್ಟಿದ್ದು ಸುಮಾರು 331ರಲ್ಲಿ, ಉತ್ತರ ಆಫ್ರಿಕಾದಲ್ಲಿ. ಸಂಸಾರ ಹೂಡಿದ್ದು ತಗಾಸ್ತೆ ಎಂಬ ಪಟ್ಟಣದಲ್ಲಿ. ಇಂದು ಅದು ಅಲ್ಜೀರಿಯ ದೇಶದ ಸೂಕ್ ಅಹ್ರಾಸ್. ಗಂಡ ಪತ್ರೀಸಿಯಸ್ ಆ ಪಟ್ಟಣದ ಸಭೆಯ ಸದಸ್ಯ. ಕ್ರೈಸ್ತನಲ್ಲ. ಮೂಗಿನ ತುದಿಯಲ್ಲೇ ಕೋಪ, ಹೆಂಡತಿಗೆ ನಿಷ್ಠನೂ ಅಲ್ಲ. ಮನೆಯಾಳುಗಳ ಚಾಡಿ ಕೇಳಿ ಅತ್ತೆಯೂ ಮೊದಮೊದಲು ಸೊಸೆಯ ಮೇಲೆ ಸಿಡುಕುತ್ತಿದ್ದಳು. ಸೊಸೆ ಎದುರಾಡದೆ, ಸೇವೆಯನ್ನೂ ಬಿಡದೆ ಅತ್ತೆಯ ಮನಸ್ಸನ್ನು ಗೆದ್ದಳು. ಚಾಡಿ ಹೇಳಿದವರ ಹೆಸರನ್ನು ಅತ್ತೆಯೇ ಮಗನಿಗೆ ತಿಳಿಸಿದಳಂತೆ. ಪತ್ರೀಸಿಯಸ್ ತನ್ನ ಬಾಳಿನ ಕೊನೆಗಾಲದಲ್ಲಿ ದೀಕ್ಷಾಸ್ನಾನ ಪಡೆದು ತೀರಿಕೊಂಡ.

ಇಲ್ಲೊಂದು ಮಾತು ಹೇಳಲೇಬೇಕು. ಹೊಡೆಯುವ ಗಂಡನನ್ನು ಸಹಿಸಿಕೊಂಡು ಬಾಯಿಮುಚ್ಚಿಕೊಂಡಿರಿ ಎಂದು ನಮ್ಮ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಲು ಕೆಲವರು ಮೋನಿಕಳ ಹೆಸರನ್ನು ಎಳೆದು ತರುತ್ತಾರೆ. ಅದು ಸರಿಯಲ್ಲ. ಪತ್ರೀಸಿಯಸ್ ಆಕೆಯ ಮೇಲೆ ಕೈಮಾಡಿದ್ದನ್ನು ಯಾರೂ ಕಂಡಿರಲಿಲ್ಲ, ಕೇಳಿರಲೂ ಇಲ್ಲ ಎಂದೇ ಅಗಸ್ಟೀನರು ಬರೆಯುತ್ತಾರೆ. ಸಂತರ ತಾಳ್ಮೆಯನ್ನು ಅನ್ಯಾಯಕ್ಕೆ ಹೊದಿಕೆ ಮಾಡುವುದು ಸಂತರಿಗೆ ತೋರುವ ಗೌರವವಲ್ಲ.

ಈಗ ಮಗನ ವಿಷಯಕ್ಕೆ ಬರೋಣ. ಬುದ್ಧಿವಂತ ಹುಡುಗ. ಓದಿಗೆಂದು ಕಾರ್ತೇಜ್ ನಗರಕ್ಕೆ ಹೋದ. ಅಲ್ಲಿ ಒಬ್ಬ ಹೆಣ್ಣಿನ ಜೊತೆ, ವಿವಾಹವಿಲ್ಲದೆ, ಸಂಸಾರ ಹೂಡಿದ. ಇನ್ನೂ ಇಪ್ಪತ್ತು ತುಂಬುವ ಮೊದಲೇ ತಂದೆಯೂ ಆದ. ಹುಟ್ಟಿದ ಗಂಡುಮಗುವಿಗೆ ಅದೆಯೊದಾತ ಎಂದು ಹೆಸರಿಟ್ಟರು. ದೇವರು ಕೊಟ್ಟವನು ಎಂದು ಅದರ ಅರ್ಥ. ನಮ್ಮ ನುಡಿಯಲ್ಲಿ ದೇವದತ್ತ ಎನ್ನಬಹುದು. ಅದೇ ಕಾಲಕ್ಕೆ ಅಗಸ್ಟೀನ್ ಮನಿಕೇಯರೆಂಬವರ ತಪ್ಪುಬೋಧನೆಗೆ ಮರುಳಾದ. ಊರಿಗೆ ಮರಳಿದಾಗ ತಾಯಿ ಅವನನ್ನು ತನ್ನ ಮನೆಯಲ್ಲಿ ಇರಿಸಿಕೊಳ್ಳಲು, ಜೊತೆಗೆ ಕೂತು ಉಣ್ಣಲು ಒಪ್ಪಲಿಲ್ಲ.

ಗಮನಿಸಿ, ಆಕೆ ಬಾಗಿಲು ಹಾಕಿದ್ದು ಮಗನ ತಪ್ಪುಬೋಧನೆಯ ಕಾರಣಕ್ಕೆ. ಮೊಮ್ಮಗನ ಹುಟ್ಟಿನ ಬಗ್ಗೆ ಆಕೆ ಒಂದು ಕಟುಮಾತು ಆಡಿದ್ದಳೆಂದು ಅಗಸ್ಟೀನರು ಎಲ್ಲಿಯೂ ಬರೆದಿಲ್ಲ. ಹಾಕಿದ ಬಾಗಿಲೂ ಬಹಳ ಕಾಲ ಮುಚ್ಚಿರಲಿಲ್ಲ. ಆಕೆಗೆ ಒಂದು ಕನಸು ಬಿತ್ತು: ತಾನು ಮರದ ಅಳತೆಪಟ್ಟಿಯೊಂದರ ಮೇಲೆ ಅಳುತ್ತಾ ನಿಂತಿದ್ದಾಳೆ, ಕಾಂತಿಯುಳ್ಳ ಯುವಕನೊಬ್ಬ ಬಂದು ಸಂತೈಸುತ್ತಾನೆ, ತಿರುಗಿ ನೋಡಿದರೆ ಮಗನೂ ಅದೇ ಪಟ್ಟಿಯ ಮೇಲೆ ಪಕ್ಕದಲ್ಲೇ ನಿಂತಿದ್ದಾನೆ. ಆ ಕನಸಿನ ಬಲದಿಂದ ಮಗನನ್ನು ಮನೆಗೆ ಸೇರಿಸಿದಳು. ಅದಾದ ಮೇಲೂ ಅವನು ಬದಲಾಗಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ಅಷ್ಟೂ ವರ್ಷ ಬದಲಾಗದ ಮಗನನ್ನೇ ಆಕೆ ಮಗನೆಂದು ನಡೆಸಿಕೊಂಡಳು.

ಗುರುಗಳು ಮನೆಭೇಟಿಗೆ ಬಂದಾಗ ನಮ್ಮ ಅಜ್ಜಿಯಂದಿರು ದನಿ ತಗ್ಗಿಸಿ ಕೇಳುವ ಪ್ರಶ್ನೆಗಳಿವೆ. “ಮಗ ರಿಜಿಸ್ಟರ್ ಮದುವೆಯಾಗಿದ್ದಾನೆ ಫಾದರ್, ಮಗುವಿಗೆ ಇನ್ನೂ ದೀಕ್ಷಾಸ್ನಾನ ಆಗಿಲ್ಲ, ನಾನು ಅವರ ಮನೆಗೆ ಹೋಗಬಹುದೇ?” “ಮೊಮ್ಮಗಳು ದೇವಾಲಯಕ್ಕೆ ಬರುವುದಿಲ್ಲ, ನಾನು ಏನು ತಪ್ಪು ಮಾಡಿದೆ?” ಇಂತಹ ಮನೆಗಳಲ್ಲಿ ಎರಡು ಬಗೆಯ ಅವಘಡ ನಡೆಯುತ್ತದೆ. ಕೆಲವರು ವಿಶ್ವಾಸದ ಹೆಸರಿನಲ್ಲಿ ಮಗುವಿನ ಮುಖವನ್ನೇ ನೋಡುವುದಿಲ್ಲ. ಇನ್ನು ಕೆಲವರು ಮಗುವಿನ ಮೇಲಿನ ಆಸೆಗೆ ವಿಶ್ವಾಸದ ಮಾತನ್ನೇ ಎತ್ತುವುದಿಲ್ಲ. ಮೋನಿಕ ಎರಡನ್ನೂ ಮಾಡಲಿಲ್ಲ. ಹಾಗೆಂದು ಆಕೆಗೆ ಅದು ಸುಲಭವಾಗಿತ್ತೆಂದು ಯಾರೂ ತಿಳಿಯಬಾರದು. ಮಗನೊಂದಿಗೆ ವಾದ ಮಾಡಿ ಎಂದು ಆಕೆ ಒಬ್ಬ ಧರ್ಮಾಧ್ಯಕ್ಷರನ್ನು ಎಷ್ಟು ಪೀಡಿಸಿದಳೆಂದರೆ, ಅವರು ಬೇಸತ್ತು, ಇಷ್ಟು ಕಣ್ಣೀರು ಹರಿದ ಮೇಲೆ ಆ ಮಗ ನಾಶವಾಗುವುದುಂಟೇ, ಹೋಗಮ್ಮ ಎಂಬರ್ಥದ ಮಾತಾಡಿ ಕಳಿಸಿಬಿಟ್ಟರು. ಆ ಮಾತನ್ನು ಆಕೆ ದೇವವಾಣಿ ಎಂದೇ ಎತ್ತಿಕೊಂಡಳು.

383ರಲ್ಲಿ ಮಗ ತಾಯಿಗೆ ಸುಳ್ಳು ಹೇಳಿ ರೋಮಿಗೆ ಹಡಗು ಹತ್ತಿದ. ಆ ರಾತ್ರಿ ಆಕೆ ಕಡಲತೀರದ ಹತ್ತಿರ, ಸಂತ ಸಿಪ್ರಿಯನರ ಸ್ಮಾರಕ ಮಂದಿರದಲ್ಲಿ ಪ್ರಾರ್ಥಿಸುತ್ತಿದ್ದಳು. ಬೆಳಗಾದರೆ ಹಡಗಿಲ್ಲ. ವಿಧವೆ ತಾಯಿ 385ರಲ್ಲಿ ತಾನೇ ಸಮುದ್ರ ದಾಟಿ ಮಿಲಾನ್ ನಗರಕ್ಕೆ ಬಂದಳು. ದಾರಿಯಲ್ಲಿ ಬಿರುಗಾಳಿ ಎದ್ದಾಗ ನಾವಿಕರಿಗೇ ಧೈರ್ಯ ಹೇಳಿದ ಹೆಂಗಸು ಈಕೆ.

ಮಿಲಾನಿನಲ್ಲಿ ನಡೆದ ಒಂದು ಘಟನೆಯನ್ನು ನಾವು ಸಾಮಾನ್ಯವಾಗಿ ಹೇಳದೆ ದಾಟಿಬಿಡುತ್ತೇವೆ. ಮಗನಿಗೆ ಕ್ರಮಬದ್ಧ ವಿವಾಹವಾದರೆ ದೀಕ್ಷಾಸ್ನಾನಕ್ಕೂ ದಾರಿಯಾದೀತೆಂದು ಮೋನಿಕ ಒಳ್ಳೆಯ ಮನೆತನದ ಹುಡುಗಿಯನ್ನು ಗೊತ್ತುಮಾಡಿದಳು. ಅದಕ್ಕೆ ಅಡ್ಡಿಯಾಗುತ್ತಾಳೆಂದು, ಅಷ್ಟು ವರ್ಷ ಜೊತೆಗಿದ್ದ ಹೆಣ್ಣನ್ನು ಆಫ್ರಿಕಾಕ್ಕೆ ಹಿಂದಕ್ಕೆ ಕಳಿಸಿದರು. ಮತ್ತೊಬ್ಬ ಪುರುಷನನ್ನು ಅರಿಯೆನೆಂದು ದೇವರ ಮುಂದೆ ವ್ರತ ತೊಟ್ಟು, ಹೆತ್ತ ಮಗನನ್ನು ಬಿಟ್ಟು ಆಕೆ ಹೊರಟುಹೋದಳು. ಆ ಮದುವೆಯಂತೂ ನಡೆಯಲೇ ಇಲ್ಲ. ಆ ತಾಯಿಯ ಹೆಸರನ್ನು ಅಗಸ್ಟೀನರು ಬರೆದಿಲ್ಲ. ತಮ್ಮ ಹೃದಯ ಗಾಯಗೊಂಡು ರಕ್ತ ಸುರಿಯಿತೆಂದು ಮಾತ್ರ ಬರೆದಿದ್ದಾರೆ. ಇದರಲ್ಲಿ ಮೋನಿಕ ಮಾಡಿದ್ದೆಲ್ಲವೂ ಸರಿಯೆಂದು ನಾನು ಹೇಳಲಾರೆ. ಸಂತಳೆಂದು ಕರೆದ ಮಾತ್ರಕ್ಕೆ ಅದನ್ನು ಮರೆಮಾಡಬೇಕಿಲ್ಲ. ಮುಖ್ಯವಾದುದು ಇಷ್ಟು: ಹದಿಮೂರು ಹದಿನಾಲ್ಕರ ಒಬ್ಬ ಹುಡುಗ ತಾಯಿಯಿಲ್ಲದವನಾದ. ಪರದೇಶದ ಆ ಮನೆಯಲ್ಲಿ ಅವನಿಗೆ ತಾಯಿಯಂತೆ ಉಳಿದವಳು ಅಜ್ಜಿ ಒಬ್ಬಳೇ.

386ರಲ್ಲಿ ಅಗಸ್ಟೀನ್ ಪ್ರಭುವಿನ ಕಡೆಗೆ ತಿರುಗಿದ. ಆ ವರ್ಷದ ಶರತ್ಕಾಲದಲ್ಲಿ ಮಿಲಾನಿನ ಆಚೆ ಕಸ್ಸಿಸಿಯಾಕುಮ್ ಎಂಬಲ್ಲಿ, ಸ್ನೇಹಿತರೊಬ್ಬರ ಹಳ್ಳಿಮನೆಯಲ್ಲಿ ಎಲ್ಲರೂ ಉಳಿದುಕೊಂಡರು. ಅಗಸ್ಟೀನ್, ಅಣ್ಣತಮ್ಮಂದಿರು, ಗೆಳೆಯರು, ಇಬ್ಬರು ಶಿಷ್ಯರು, ಹುಡುಗ ಅದೆಯೊದಾತ. ಎಲ್ಲರಿಗೂ ತಾಯಿಯಾಗಿ ಮನೆ ನೋಡಿಕೊಂಡವಳು ಮೋನಿಕ. ಗಂಡಸರು ತತ್ವಚರ್ಚೆಯಲ್ಲಿ ಮುಳುಗಿದ್ದರೆ ಈಕೆ ಊಟಕ್ಕೆ ಏಳಿಸುವವಳು. ಆದರೆ ಅಡುಗೆಮನೆಯಲ್ಲೇ ಉಳಿಯಲಿಲ್ಲ, ಚರ್ಚೆಗೂ ಬಂದು ಕೂತಳು. ಆಕೆಯ ಮಾತುಗಳನ್ನು ಅಗಸ್ಟೀನ್ ಬರಹಕ್ಕಿಳಿಸಿದ. ಲಿಸೆಂಟಿಯಸ್ ಎಂಬ ಶಿಷ್ಯ ಒಂದು ರಾತ್ರಿ ಕಕ್ಕಸಿಗೆ ಹೋದವನು ಅಲ್ಲಿಂದಲೇ ಗಟ್ಟಿಯಾಗಿ ಕೀರ್ತನೆ ಹಾಡತೊಡಗಿದಾಗ ಅವನನ್ನು ಗದರಿಸಿದವಳೂ ಈಕೆಯೇ. ನಮ್ಮ ಮನೆಯ ಅಜ್ಜಿಯರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ಅದೇ ಮನೆಯಲ್ಲಿ, ಅಗಸ್ಟೀನನ ಹುಟ್ಟುಹಬ್ಬದ ನೆಪದಲ್ಲಿ ನಡೆದ ಚರ್ಚೆಯಲ್ಲಿ, ದೇವರನ್ನು ಹೊಂದಿರುವವನು ಯಾರು ಎಂಬ ಪ್ರಶ್ನೆ ಬಂತು. ಒಳ್ಳೆಯ ಬಾಳು ಬಾಳುವವನು ಎಂದ ಒಬ್ಬ. ದೇವರ ಚಿತ್ತವನ್ನು ನಡೆಸುವವನು ಎಂದ ಇನ್ನೊಬ್ಬ. ಎಲ್ಲರಿಗಿಂತ ಚಿಕ್ಕವನಾದ ಅದೆಯೊದಾತ, ಅಶುದ್ಧ ಆತ್ಮ ಯಾರಲ್ಲಿ ಇಲ್ಲವೋ ಅವನು ಎಂದ. ಅಜ್ಜಿ ಎಲ್ಲ ಉತ್ತರಗಳನ್ನೂ ಒಪ್ಪಿದಳು. ಆದರೆ ಹೆಚ್ಚು ಮೆಚ್ಚಿದ್ದು ಮೊಮ್ಮಗನ ಉತ್ತರವನ್ನು. ಇದನ್ನು ಪಕ್ಷಪಾತ ಎನ್ನುವವರು ಎನ್ನಲಿ. ತಾಯಿಯನ್ನು ಕಳೆದುಕೊಂಡ ಹುಡುಗ ಹಿರಿಯರ ನಡುವೆ ಬಾಯಿಬಿಟ್ಟು ದೇವರ ಬಗ್ಗೆ ಮಾತಾಡಿದಾಗ, ನೀನು ಹೇಳಿದ್ದು ಸರಿ ಮಗು ಎನ್ನುವ ಒಬ್ಬರು ಬೇಕಾಗುತ್ತದೆ. ಪ್ರೇಷಿತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅವನ ವಿಶ್ವಾಸವು ಮೊದಲು ಅವನ ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ನೆಲೆಸಿತ್ತೆಂದು ನೆನಪಿಸುತ್ತಾರಲ್ಲವೇ? ನಮ್ಮ ಧರ್ಮೋಪದೇಶ ತರಗತಿಗಳು ಮುಖ್ಯವೇ. ಆದರೂ ಅಡುಗೆಮನೆಯಿಂದ ಎದ್ದು ಬಂದು ಪಕ್ಕದಲ್ಲಿ ಕೂರುವ ಅಜ್ಜಿ ಮಾಡುವ ಕೆಲಸವನ್ನು ಯಾವ ತರಗತಿಯೂ ಮಾಡಲಾರದು.

387ರ ಪಾಸ್ಖ ಜಾಗರಣೆಯಂದು ಧರ್ಮಾಧ್ಯಕ್ಷ ಸಂತ ಆಂಬ್ರೋಸರ ಕೈಯಿಂದ ಅಗಸ್ಟೀನ್ ದೀಕ್ಷಾಸ್ನಾನ ಪಡೆದ. ಅವನ ಜೊತೆಯಲ್ಲೇ ಸುಮಾರು ಹದಿನೈದು ವರ್ಷದ ಮಗನೂ ಪಡೆದ. ಒಬ್ಬ ಮಗನಿಗಾಗಿ ಬೇಡಿದವಳಿಗೆ ದೇವರು ಒಂದೇ ರಾತ್ರಿ ಇಬ್ಬರನ್ನು ಕೊಟ್ಟರು.

ಊರಿಗೆ ಮರಳಲು ಹಡಗಿಗಾಗಿ ಕಾಯುತ್ತಾ ಅವರು ರೋಮಿನ ಬಂದರು ಓಸ್ತಿಯದಲ್ಲಿ ತಂಗಿದ್ದಾಗ ಮೋನಿಕ ಜ್ವರದಿಂದ ಮಲಗಿದಳು. ಒಂಬತ್ತನೆಯ ದಿನ ತೀರಿಕೊಂಡಳು. ಐವತ್ತಾರು ವರ್ಷ. ಊರಿನಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಮೊದಲೇ ಸಮಾಧಿಯನ್ನು ಸಿದ್ಧಮಾಡಿಸಿಕೊಂಡಿದ್ದವಳು ಆಕೆ. ಸಾಯುವುದಾದರೆ ನಮ್ಮ ನಾಡಿನಲ್ಲೇ ಸಾಯುವುದು ಲೇಸಲ್ಲವೇ ಎಂದು ಇನ್ನೊಬ್ಬ ಮಗ ನವೀಜಿಯಸ್ ಹೇಳಿದಾಗ ಕಣ್ಣಿನಿಂದಲೇ ಅವನನ್ನು ಗದರಿಸಿದಳು. ಈ ದೇಹವನ್ನು ಎಲ್ಲಿ ಹೂಳಿದರೂ ಚಿಂತಿಲ್ಲ, ಅದಕ್ಕಾಗಿ ಕಳವಳಪಡಬೇಡಿ ಎಂದಳು. ಕೇಳಿಕೊಂಡದ್ದು ಒಂದನ್ನೇ: ನೀವು ಎಲ್ಲೇ ಇದ್ದರೂ ಪ್ರಭುವಿನ ಬಲಿಪೀಠದಲ್ಲಿ ತನ್ನನ್ನು ಸ್ಮರಿಸಬೇಕು.

ಉಸಿರು ನಿಂತ ಕೂಡಲೇ ಅದೆಯೊದಾತ ಗೋಳೋ ಎಂದು ಅತ್ತುಬಿಟ್ಟ. ಹಿರಿಯರೆಲ್ಲ ಸೇರಿ ಅವನನ್ನು ಸುಮ್ಮನಾಗಿಸಿದರು. ಅಷ್ಟು ಪುಣ್ಯವಂತಳ ಮರಣಕ್ಕೆ ಗೋಳಾಡುವುದು ತರವಲ್ಲವೆಂದು ಅವರ ಎಣಿಕೆ. ಗೆಳೆಯ ಎವೋದಿಯಸ್ ಕೀರ್ತನೆಯೊಂದನ್ನು ಎತ್ತಿಕೊಂಡ, ಮನೆಮಂದಿಯೆಲ್ಲ ದನಿಗೂಡಿಸಿದರು. ಹೂಳುವ ಮೊದಲು ಸಮಾಧಿಯ ಬಳಿಯೇ ಆಕೆಗಾಗಿ ಬಲಿಪೂಜೆ ಅರ್ಪಣೆಯಾಯಿತು. ಅಗಸ್ಟೀನ್ ಬಿಗಿಹಿಡಿದು ನಿಂತ. ದುಃಖ ಇಳಿಯಲೆಂದು ಸ್ನಾನ ಮಾಡಿದ, ಇಳಿಯಲಿಲ್ಲ. ನಿದ್ದೆ ಮಾಡಿ ಎದ್ದ ಮೇಲೆ ಒಬ್ಬನೇ ಇದ್ದಾಗ ಅವನ ಕಟ್ಟೆಯೂ ಒಡೆಯಿತು. ತನಗಾಗಿ ಅಷ್ಟು ವರ್ಷ ಅತ್ತ ತಾಯಿಗಾಗಿ ಸ್ವಲ್ಪ ಹೊತ್ತು ಅತ್ತರೆ ಯಾರೂ ನಗಬಾರದೆಂದು ಬರೆದಿದ್ದಾರೆ. ಮೊಮ್ಮಗನ ಅಳುವೇ ಸರಿಯಾಗಿತ್ತೆಂದು ನನಗನಿಸುತ್ತದೆ. ಸಾವಿನ ಮನೆಯಲ್ಲಿ ಮಕ್ಕಳನ್ನು ಅಳಬೇಡ ಎಂದು ಗದರಿಸುವ ಹಿರಿಯರು ನಮ್ಮಲ್ಲೂ ಕಡಿಮೆಯೇನಿಲ್ಲ. ಬೆತಾನಿಯದ ಲಾಜರನಿಗಾಗಿ ಸ್ವತಃ ಯೇಸುಸ್ವಾಮಿ ಅತ್ತರಲ್ಲವೇ?

ಹತ್ತಾರು ವರ್ಷ ಕಳೆದ ಮೇಲೆ, ಧರ್ಮಾಧ್ಯಕ್ಷರಾಗಿ, ಅಗಸ್ಟೀನರು ತಾಯಿಯ ನೆನಪನ್ನು ಬರೆಯಲು ಕೂತರು. ಹೊಗಳಿ ಅಟ್ಟಕ್ಕೇರಿಸಲಿಲ್ಲ. ಬಾಲ್ಯದಲ್ಲಿ ಪೀಪಾಯಿಯಿಂದ ದ್ರಾಕ್ಷಾರಸ ತರಲು ಕಳಿಸಿದಾಗ ಕದ್ದು ಗುಟುಕರಿಸುತ್ತಿದ್ದ ಚಟವನ್ನೂ, ಮನೆಯಾಳು ಕುಡುಕಿ ಎಂದು ಹಂಗಿಸಿದಾಗ ಅದನ್ನು ಬಿಟ್ಟುದನ್ನೂ ಬರೆದರು. ಆಕೆಯ ಸತ್ಕಾರ್ಯಗಳನ್ನು ಬದಿಗಿಟ್ಟು, ಆಕೆಯ ಪಾಪಗಳಿಗಾಗಿ ಕ್ಷಮೆ ಬೇಡಿದರು. ಆ ಗ್ರಂಥದಲ್ಲೆಲ್ಲ ತಾಯಿಯ ಹೆಸರು ಬರುವುದು ಒಂದೇ ಕಡೆ: ಓದುವವರೆಲ್ಲರೂ ಬಲಿಪೀಠದಲ್ಲಿ ಮೋನಿಕಳನ್ನು, ಒಂದು ಕಾಲದಲ್ಲಿ ಆಕೆಯ ಪತಿಯಾಗಿದ್ದ ಪತ್ರೀಸಿಯಸನನ್ನು ಸ್ಮರಿಸಿರಿ ಎಂದು ಬೇಡಿಕೊಳ್ಳುವಲ್ಲಿ. ತಾಯಿಯ ಕೊನೆಯ ಆಸೆ ತಮ್ಮೊಬ್ಬರ ಪ್ರಾರ್ಥನೆಗಿಂತ ಅನೇಕರ ಪ್ರಾರ್ಥನೆಯಿಂದ ಹೆಚ್ಚಾಗಿ ನೆರವೇರಲೆಂದು. ಕೋಪಿಷ್ಠ ಗಂಡನನ್ನೂ ಬಿಡಲಿಲ್ಲ ನೋಡಿ. ತಾಯಿಯ ವರ್ಷದ ಪೂಜೆಗೆ ಹೆಸರು ಬರೆಸುವಾಗ, ಮನೆಗೆ ಕಷ್ಟ ಕೊಟ್ಟ ತಂದೆಯ ಹೆಸರನ್ನು ಕೈಬಿಡುವ ಮಕ್ಕಳು ಇದನ್ನು ಗಮನಿಸಬೇಕು.

ಆಕೆಯ ಸಮಾಧಿಯ ಮೇಲಿದ್ದ ಕಲ್ಬರಹದ ಒಂದು ತುಂಡು 1945ರಲ್ಲಿ ಓಸ್ತಿಯದ ಸಂತ ಔರೆಯ ದೇವಾಲಯದ ಬಳಿ ನೆಲ ಅಗೆಯುವಾಗ ಸಿಕ್ಕಿತು. ಅಸ್ಥಿಗಳನ್ನು 1430ರಲ್ಲೇ ರೋಮಿಗೆ ತಂದಿದ್ದರು. ಅವು ಸಂತ ಅಗಸ್ಟೀನರ ಹೆಸರಿನ ದೇವಾಲಯದಲ್ಲಿವೆ. ಅದೆಯೊದಾತ ಆಫ್ರಿಕಾಕ್ಕೆ ಮರಳಿ, ಅಜ್ಜಿ ತೀರಿದ ಕೆಲವೇ ವರ್ಷಗಳಲ್ಲಿ, ಹರೆಯದಲ್ಲೇ ಕಣ್ಮುಚ್ಚಿದ. ಅವನ ಬಗ್ಗೆ ತಮಗೆ ಯಾವ ಭಯವೂ ಇಲ್ಲವೆಂದು ತಂದೆ ಬರೆದಿದ್ದಾರೆ.

ಈ ಸಲ ಆಗಸ್ಟ್ 27ರಂದು ಪೂಜೆಗೆ ಹೋದಾಗ, ಗುರುಗಳು ಮೃತರನ್ನು ಸ್ಮರಿಸುವ ಗಳಿಗೆಯಲ್ಲಿ ನಿಮ್ಮ ತಾಯಿಯ ಹೆಸರನ್ನು, ಅಜ್ಜಿಯ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಅಗಸ್ಟೀನರು ಬೇಡಿದಂತೆ ಪತ್ರೀಸಿಯಸನ ಹೆಸರನ್ನೂ ಸೇರಿಸಿ. ಅದೆಯೊದಾತನನ್ನೂ ನೆನೆಯಿರಿ, ಮಗನನ್ನು ಬಿಟ್ಟು ಆಫ್ರಿಕಾಕ್ಕೆ ಹೊರಟುಹೋದ ಅವನ ತಾಯಿಯನ್ನೂ ನೆನೆಯಿರಿ. ಆಕೆಯ ಹೆಸರು ಪ್ರಭುವಿಗೆ ಗೊತ್ತಿದೆ.