ಹತ್ತರಲ್ಲಿ ಒಬ್ಬರು



ನೆಹೆಮೀಯನ ಗ್ರಂಥದ 11ನೇ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಓದದೆ ದಾಟಿಬಿಡುತ್ತೇವೆ. ಅದರ ತುಂಬ ಹೆಸರುಗಳ ಪಟ್ಟಿ. ಆದರೆ ಆ ಪಟ್ಟಿಗೆ ಮುಂಚಿನ ಎರಡು ವಚನಗಳು ಇಂದು ನಮಗೆ ಬೇಕಾಗಿವೆ.

ಬಬಿಲೋನಿನ ಸೆರೆಯಿಂದ ಜನರು ಹಿಂತಿರುಗಿದ್ದರು. ಬಿದ್ದುಹೋಗಿದ್ದ ಜೆರುಸಲೇಮಿನ ಗೋಡೆಯನ್ನು 52 ದಿನಗಳಲ್ಲಿ ಕಟ್ಟಿ ಮುಗಿಸಿದ್ದರು. ಗೋಡೆ ಎದ್ದಿತು, ಬಾಗಿಲುಗಳು ಕೂತವು. ಆದರೆ ಒಳಗೆ ವಾಸಿಸಲು ಜನರೇ ಇಲ್ಲ. ನಗರ ದೊಡ್ಡದು, ಮನೆಗಳು ಪಾಳು. ಬಹುಮಂದಿ ಸುತ್ತಲಿನ ಊರುಗಳಲ್ಲಿ ನೆಲೆಸಿದ್ದರು. ಆಗ ಚೀಟಿ ಹಾಕಿ, ಹತ್ತರಲ್ಲಿ ಒಬ್ಬರನ್ನು ಪವಿತ್ರ ನಗರದಲ್ಲಿ ವಾಸಿಸಲು ಕಳುಹಿಸಿದರು. ಸ್ವಂತ ಮನಸ್ಸಿನಿಂದ ಹೋಗಲು ಒಪ್ಪಿದವರನ್ನು ಜನರೆಲ್ಲ ಹರಸಿದರು. ಹಿಂದೆ ಉಳಿದವರು ಹೊರಟವರನ್ನು ಹರಸಿದರು. ಇದನ್ನು ಮನಸ್ಸಿನಲ್ಲಿಡೋಣ.

ಈ ಮಾತು ಇಂದು ಏಕೆಂದರೆ, ವಾಸ್ಕೊದ ನಮ್ಮ ಕನ್ನಡ ಸಮುದಾಯದ ಒಂದು ಕುಟುಂಬ ಬರುವ ತಿಂಗಳು ಪಣಜಿಯ ಫೊಂತೈನ್ಯಾಸ್ ಓಣಿಗೆ ಮನೆ ಬದಲಿಸುತ್ತಿದೆ. ಕಾಕಾನಿಗೆ 58 ವರ್ಷ, ಕಾಕುಗೆ 55. ಕೆಲಸದಿಂದ ನಿವೃತ್ತಿಯಾಯಿತು, ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ಮಗಳಿಗೆ ಪಣಜಿಯಲ್ಲಿ ನೌಕರಿ. ಅಲ್ಲಿಯೇ ಒಂದು ಹಳೆಯ ಹೆಂಚಿನ ಮನೆ ಬಾಡಿಗೆಗೆ ಸಿಕ್ಕಿದೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎರಡು ಮಾತುಗಳು ಕೇಳಿಬರುತ್ತಿವೆ. ಒಂದು, "ಈ ವಯಸ್ಸಿನ್ಯಾಗ ಇದೆಲ್ಲ ಯಾಕ ಬೇಕಿತ್ತು?" ಇನ್ನೊಂದು, "ಕನ್ನಡ ಪೂಜೆಗೆ ಮೊದಲೇ ನಾವು ಬೆರಳೆಣಿಕೆಯಷ್ಟು, ಅದರಾಗ ಇವರೂ ಹೊಂಟ್ರು."

ಮೊದಲನೆಯದಕ್ಕೆ ಆದಿಕಾಂಡದ 12ನೇ ಅಧ್ಯಾಯ ಉತ್ತರ ಕೊಡುತ್ತದೆ. ಹಾರಾನ್ ಬಿಟ್ಟು ಹೊರಟಾಗ ಅಬ್ರಾಮನಿಗೆ 75 ವರ್ಷ. ಸರ್ವೇಶ್ವರ ಕರೆಯುವಾಗ ವಯಸ್ಸಿನ ದಾಖಲೆ ಕೇಳಲಿಲ್ಲ.

ಎರಡನೆಯ ಮಾತಿನಲ್ಲಿ ನೋವಿದೆ, ಅದು ನಿಜವಾದ ನೋವು. ಒಂದು ಕುಟುಂಬ ಹೋದರೆ ಗಾಯನವೃಂದದಲ್ಲಿ ಒಂದು ದನಿ ಕಡಿಮೆ. ಆದರೆ ನಮ್ಮ ಅಜ್ಜ-ಅಜ್ಜಿಯರು ಬೆಳಗಾವಿ, ಧಾರವಾಡ ಕಡೆಯಿಂದ ದುಡಿಮೆಗೆಂದು ಈ ಬಂದರಿನ ಊರಿಗೆ ಬಂದಾಗ ಅಲ್ಲಿಯ ದೇವಾಲಯಗಳಲ್ಲೂ ಹೀಗೆಯೇ ದನಿಗಳು ಕಡಿಮೆಯಾಗಿರಬೇಕು. ಅವರು ಹೊರಟು ಬಂದದ್ದರಿಂದಲೇ ಇಂದು ಇಲ್ಲಿ ಕನ್ನಡದಲ್ಲಿ ಬಲಿಪೂಜೆ ನಡೆಯುತ್ತಿದೆ.

ನಾನು ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವನು. ಬೆಳೆದ ಗಿಡವನ್ನು ಕಿತ್ತು ಬೇರೆಡೆ ನೆಟ್ಟರೆ ಅದು ಬಾಡುವುದೇಕೆ? ದಪ್ಪ ಬೇರು ಉಳಿದಿರುತ್ತದೆ. ಆದರೆ ನೀರು ಹೀರುವುದು ತುದಿಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಬೇರುರೋಮಗಳು. ಕೀಳುವಾಗ ಅವೇ ಹರಿದುಹೋಗುತ್ತವೆ. ಅದಕ್ಕೇ ತೋಟದವರು ಬೇರಿಗಂಟಿದ ಮಣ್ಣನ್ನು ಉದುರಿಸದೆ ಗಿಡ ಎತ್ತುತ್ತಾರೆ, ಒಂದಿಷ್ಟು ಎಲೆ ಸವರುತ್ತಾರೆ, ಹೊಸ ಬೇರು ಬಿಡುವವರೆಗೆ ನೆರಳು ಕಟ್ಟುತ್ತಾರೆ. ಮನುಷ್ಯರಿಗೂ ಹಾಗೆಯೇ. ಪಕ್ಕದ ಮನೆಯ ಕೂಗು, ಪರಿಚಯದ ಅಂಗಡಿ, ದೇವಾಲಯದಲ್ಲಿ ಕೂರುವ ಅದೇ ಬೆಂಚು, ಇವು ನಮ್ಮ ಬೇರುರೋಮಗಳು. ಐವತ್ತು ದಾಟಿದ ಮೇಲೆ ಅವು ಹರಿದರೆ ನೋವಾಗದೆ ಇರುವುದಿಲ್ಲ. ಮಣ್ಣು ಉಳಿಸಿಕೊಳ್ಳುವುದು, ಎಲೆ ಸವರುವುದು ಹೋಗುವವರ ಪಾಲು. ನೆರಳು ಕಟ್ಟುವುದು ಮಾತ್ರ ನಮ್ಮ ಪಾಲು.

ಇನ್ನು ಅವರು ಹೋಗುತ್ತಿರುವ ಓಣಿಯ ಮಾತು. ಆಲ್ತಿನೊ ಗುಡ್ಡದ ಅಡಿಯಲ್ಲಿ, ಬಣ್ಣಬಣ್ಣದ ಗೋಡೆಗಳ ಆ ಇಕ್ಕಟ್ಟು ದಾರಿಗಳನ್ನು ನೀವು ನೋಡಿರುತ್ತೀರಿ. ಬಂದವರು ಫೋಟೊ ತೆಗೆದು ಹೋಗುತ್ತಾರೆ. ಎಷ್ಟೋ ಮನೆಗಳ ಮಕ್ಕಳು ಪರದೇಶದಲ್ಲಿದ್ದಾರೆ, ಬಾಗಿಲಿಗೆ ಬೀಗ. ಮುಚ್ಚಿದ ಮನೆ ನಮ್ಮ ಕರಾವಳಿಯ ಮಳೆಗೆ ಬೇಗ ಬೂಷ್ಟು ಹಿಡಿಯುತ್ತದೆ. ದಿನವೂ ಕಿಟಕಿ ತೆರೆಯುವವರು, ಒಲೆ ಹಚ್ಚುವವರು, ಸಂಜೆ ಜಪಸರ ಹೇಳುವವರು ಬೇಕು. ನೆಹೆಮೀಯನ ಜೆರುಸಲೇಮಿಗೆ ಬೇಕಿದ್ದುದೂ ಅದೇ.

ಅಲ್ಲಿ ಸಂತ ಸೆಬಾಸ್ಟಿಯನ್ನರ ಪ್ರಾರ್ಥನಾಲಯವಿದೆ. ಅದರೊಳಗಿನ ದೊಡ್ಡ ಶಿಲುಬೆಯಲ್ಲಿ ಯೇಸುಸ್ವಾಮಿಯ ತಲೆ ಬಾಗಿಲ್ಲ, ಕಣ್ಣು ತೆರೆದಿವೆ. ಆ ಶಿಲುಬೆಯೂ ಅಲ್ಲಿಯದಲ್ಲ. ಹಳೆ ಗೋವಾದ ಇನ್‌ಕ್ವಿಸಿಷನ್ ಭವನದಲ್ಲಿತ್ತು. ಅದರ ಮುಂದೆ ಭಯದಿಂದ ನಿಂತವರಿದ್ದರು. 1812ರಲ್ಲಿ ಆ ವಿಚಾರಣೆಗಳು ಕೊನೆಗೊಂಡವು. ಶಿಲುಬೆ ಪಣಜಿಯ ಅರಮನೆಗೆ ಬಂತು, ಆಮೇಲೆ ಈ ಓಣಿಗೆ ಬಂತು. ಈಗ ಅದರ ಮುಂದೆ ನೆರೆಹೊರೆಯವರು ಮೇಣದಬತ್ತಿ ಹಚ್ಚುತ್ತಾರೆ. ಸ್ವಾಮಿ ಅದೇ, ಕಣ್ಣುಗಳೂ ಅವೇ. ಸ್ಥಳ ಬದಲಾಯಿತು, ನೋಡಲು ಬರುವವರ ಎದೆಯಲ್ಲಿ ಭಯದ ಜಾಗಕ್ಕೆ ಭರವಸೆ ಬಂತು. ಮನೆ ಬದಲಿಸಿ ಬಂದ ಸ್ವಾಮಿಯ ನೆರೆಗೆ ನಮ್ಮ ಕಾಕಾ-ಕಾಕು ಹೋಗುತ್ತಿದ್ದಾರೆ.

ಕಾಕು ಒಂದು ಪ್ರಶ್ನೆ ಕೇಳಿದ್ದರು: "ಅಲ್ಲಿ ಪಾಪನಿವೇದನಿ ಯಾವ ಭಾಷಾದಾಗ ಮಾಡ್ಲೋ ತಮ್ಮಾ?" ಅವರಿಗೆ ಪೇಟೆಯಲ್ಲಿ ಮಾತಾಡುವಷ್ಟು ಕೊಂಕಣಿ ಬರುತ್ತದೆ. ಆದರೆ ಅಂತರಂಗ ತೆರೆಯುವುದು ಪೇಟೆಯ ಮಾತಲ್ಲ. ಧರ್ಮಸಭೆಗೆ ಈ ಕಷ್ಟ ಗೊತ್ತಿದೆ. ಬೇಕಾದವರು ದುಭಾಷಿಯ ಮೂಲಕ ಪಾಪನಿವೇದನೆ ಮಾಡಬಹುದೆಂದು ಧರ್ಮಸಭೆಯ ಕಾನೂನು ಸಂಹಿತೆಯ 990ನೇ ವಿಧಿ ಹೇಳುತ್ತದೆ. ಕೇಳಿದ್ದನ್ನು ಗುಟ್ಟಾಗಿಡುವ ಹೊಣೆ ಆ ದುಭಾಷಿಗೂ ಇದೆ. ಇಷ್ಟಾದರೂ ಪಣಜಿಗೂ ವಾಸ್ಕೊಗೂ ಸುಮಾರು 30 ಕಿಲೋಮೀಟರ್ ಮಾತ್ರ. ಜುವಾರಿ ಸೇತುವೆ ದಾಟಿದರೆ ನಮ್ಮ ಗುರುಗಳಿದ್ದಾರೆ, ನಾವಿದ್ದೇವೆ.

ಆದ್ದರಿಂದ ನೆರಳಿನ ಕೆಲಸ ಹಂಚಿಕೊಳ್ಳೋಣ. ಸಾಮಾನು ಸಾಗಿಸುವ ದಿನ ಯುವಜನರು ಬರುತ್ತೇವೆ. ಅವರ ಮೊದಲ ಭಾನುವಾರ ಇಬ್ಬರು ಜೊತೆಗೆ ಹೋಗಿ ಅಲ್ಲಿಯ ಗುರುಗಳಿಗೂ ನೆರೆಯವರಿಗೂ ಪರಿಚಯ ಮಾಡಿಸುತ್ತೇವೆ. ಅಕ್ಟೋಬರ್ ಜಪಸರದ ಒಂದು ಸಂಜೆ ಆ ಮನೆಯಲ್ಲಿ, ಕನ್ನಡದಲ್ಲಿ. ಹಿರಿಯರಲ್ಲಿ ಒಂದೇ ವಿನಂತಿ: "ಯಾಕೆ ಹೊರಟಿರಿ" ಎಂದು ಕೇಳುವ ಬಾಯಿಂದ ಈ ಭಾನುವಾರ "ದೇವರು ಒಳ್ಳೇದು ಮಾಡಲಿ" ಎಂಬ ಮಾತು ಬರಲಿ. ಕಾಕಾ, ಕಾಕು, ನಿಮ್ಮಲ್ಲೂ ಒಂದು ವಿನಂತಿ: ನೋಡಲು ಬಂದವರಂತೆ ಅಲ್ಲಿರಬೇಡಿ. ಓಣಿಯವರ ಹೆಸರು ಕಲಿಯಿರಿ, ಅವರ ಕಷ್ಟ-ಸುಖಕ್ಕೆ ಹೋಗಿ, ಅವರ ಹಬ್ಬಕ್ಕೆ ಕೈ ಹಾಕಿ.

ಕರುಣಾಮಯ ತಂದೆಯೇ, ಹೊರಡುವವರ ಹೆಜ್ಜೆಗೂ ಉಳಿಯುವವರ ನಾಲಗೆಗೂ ನೀನೇ ಕಾವಲಾಗಿರು. ಮುಚ್ಚಿದ ಬಾಗಿಲುಗಳ ಆ ಓಣಿಯಲ್ಲಿ ಒಂದು ಬಾಗಿಲು ನಿನ್ನ ಹೆಸರಿನಲ್ಲಿ ತೆರೆದಿರಲಿ. ಕ್ರಿಸ್ತ ಪ್ರಭುವಿನ ಮುಖಾಂತರ ಬೇಡುತ್ತೇವೆ. ಆಮೆನ್.

ಯುವಜನ ಸಂಚಾಲಕ